ಎರಡನೇ ಬಟ್ಟಲು

ನವೆಂಬರ್ 6, ಸೋಮವಾರ

ಒಲೆ ಹಚ್ಚಿದೆ. ಫೋಟೋ ತೆಗೆದೆ. ನಾನು ಇಲ್ಲೇ ಇದ್ದೇನೆ ಅನ್ನುವುದಕ್ಕೆ ಸಾಕ್ಷಿಯಾಗಿ ಟೈಲ್ಸು ಗುತ್ತಿಗೆಯ ಮಾ ಯಜಮಾನರಿಗೆ ಕಳಿಸಿದೆ. ಅವರಿಂದ ಎಂದಿನ ಹೆಬ್ಬೆರಳಿನ ಚಿತ್ರ ಬಂತು. ಇವತ್ತಿನ ಮಾತುಕತೆ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮಧ್ಯಾಹ್ನ ಆಸಾಮಿಯೇ ಬಂದರು.

ಬ್ಯಾನರಿನ ಮೂಲೆ ಗಾಳಿಗೆ ಕಿತ್ತುಹೋಗಿತ್ತು. ಇಬ್ಬರೂ ಸೇರಿ ತಂತಿ ಬಿಗಿದೆವು. "ಬಾಕಿ ತೀರುವ ತನಕ ಈ ಕಟ್ಟಡ ನಮ್ಮ ಹಿಡಿತದಲ್ಲಿ." ಕಟ್ಟುವಾಗ ರಕ್ತದ ಹಾಗಿದ್ದ ಅಕ್ಷರ ಈಗ ಗುಲಾಬಿ. ಹೆದರಿಸಬೇಕಾದ ಬ್ಯಾನರು ಬೇಕರಿ ಬೋರ್ಡಿನ ಹಾಗೆ ಕಾಣುತ್ತಿದೆ.

ಮಾ ಹಳೆಯ ಪಾಠ ಮತ್ತೆ ಒಪ್ಪಿಸಿದರು.

"ಅಕ್ಕ, ಮರೀಬೇಡಿ. ನೀವು ಕೂತಿರೋವರೆಗೆ ಹಕ್ಕು. ನೀವು ಎದ್ದು ಹೋದ್ರೆ ಹಕ್ಕೂ ಎದ್ದು ಹೋಗುತ್ತೆ. ಬೀಗ ಕಟ್ಟಡ ಕೊಂಡವರ ಕೈಗೆ ಸಿಕ್ತೋ, ನಮ್ಮ ಕಥೆ ಮುಗೀತು."

"ಗೊತ್ತು ಯಜಮಾನ್ರೇ. ಕಾವಿಗೆ ಕೂತ ಕೋಳಿ ಹಾಗೆ ಕೂತಿದೀನಿ."

"ನಗಬೇಡಿ. ಆರು ಜನರ ಅನ್ನ ಇದು."

ನಗದೆ ಇನ್ನೇನು ಮಾಡಲಿ. ಟೈಲ್ಸು, ಕರೆಂಟು, ಕೊಳಾಯಿ, ಕಿಟಕಿ... ಆರು ಜನ ಗುತ್ತಿಗೆಯವರು. ಕಟ್ಟಿಸುತ್ತಿದ್ದ ಕಂಪನಿ ಅವರ ದುಡ್ಡು ಕೊಡದೆ ಮುಳುಗಿತು. ಅರ್ಧಂಬರ್ಧ ಏಳು ಮಹಡಿ ಹರಾಜಾಯಿತು. ಸಿಯೋಲಿನವರು ಕೊಂಡರು. ಈಗ ಖಾಲಿ ಮಾಡಿಸಿಕೊಡಿ ಅಂತ ಕೋರ್ಟಿಗೆ ಹೋಗಿದ್ದಾರೆ. ಮೊದಲ ಚಳಿಗಾಲ ಆರೂ ಜನ ಸರದಿಯಲ್ಲಿ ಇಲ್ಲಿ ಮಲಗಿದರು. ಆಮೇಲೆ ಒಬ್ಬನಿಗೆ ಬೇರೆ ಊರಲ್ಲಿ ಕೆಲಸ, ಒಬ್ಬನಿಗೆ ಸೊಂಟನೋವು, ಒಬ್ಬನಿಗೆ ಹೆಂಡತಿ. ಕೊನೆಗೆ ಸೈಟಿನ ಕ್ಯಾಂಟೀನು ನಡೆಸುತ್ತಿದ್ದ ನನ್ನನ್ನು ತಂದು ಕೂರಿಸಿದರು. ತಿಂಗಳಿಗಿಷ್ಟು ಅಂತ ಕೊಡುತ್ತಾರೆ. ಗಂಡ ಹೋದ ಮೇಲೆ ನನಗೂ ಕ್ಯಾಂಟೀನೇ ಮನೆಯಾಗಿತ್ತು. ಎಲ್ಲಿಗೆ ಅಂತ ಹೋಗಲಿ.

ನನ್ನದೂ ಬಾಕಿ ಇದೆ. ಐವತ್ತು ಗಂಡಸರ ಊಟದ್ದು. ಅದಕ್ಕೆ ಹಕ್ಕಿಲ್ಲವಂತೆ. ನಮ್ಮ ಕಡೆಯ ವಕೀಲೆ ಸೊಲ್ ಕೇಳಿದ್ದಳು, "ಟೈಲ್ಸು ಗೋಡೇಲಿದೆ, ವೈರು ಗೋಡೇಲಿದೆ. ನಿಮ್ಮ ಊಟ ಎಲ್ಲಿದೆ ಅಮ್ಮಾ?" ಅವಳು ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೂ ಅವತ್ತಿಡೀ ಉರಿಯುತ್ತಿತ್ತು. ಇಟ್ಟಿಗೆ ಹೊತ್ತ ತೋಳೊಳಗೆ ಇದೆ ಅನ್ನಬೇಕಿತ್ತು. ಉತ್ತರ ಯಾವಾಗಲೂ ನನಗೆ ಪಾತ್ರೆ ತೊಳೆಯುವಾಗ ಹೊಳೆಯುತ್ತದೆ.

ಮಾ ಹೋಗುವ ಮುಂಚೆ ಫೋನಿನಲ್ಲಿ ಒಂದು ತೀರ್ಪು ಓದಿದರು. ಬೇರೆಯವರು ರಾಶಿಫಲ ಓದುವ ಹಾಗೆ ಇವರು ತೀರ್ಪು ಓದುತ್ತಾರೆ. ಕಂಪನಿ ಮುಳುಗಿದರೆ ನಾವು ಕೊಡುತ್ತೇವೆ ಅಂತ ಜಾಮೀನು ನಿಂತ ಸಂಸ್ಥೆ ಒಂದಿದೆ. ಬಾಕಿಯ ವಿಷಯ ನಮ್ಮವರು ತಡವಾಗಿ ತಿಳಿಸಿದರು ಅಂತ ಅದು ಕೈಯೆತ್ತಿದೆ. ಈಗ ಬೇರೆಲ್ಲೋ ಒಬ್ಬ ಗಾರೆ ಗುತ್ತಿಗೆಯವನಿಗೆ, ತಡವಾದರೂ ಕೊಡಿ ಅಂತ ಕೋರ್ಟು ಹೇಳಿದೆಯಂತೆ. ಮಾ ಮುಖ ಅರಳಿತ್ತು. ಎರಡು ಸಲ ಅನ್ನ ಹಾಕಿಸಿಕೊಂಡರು.

ನವೆಂಬರ್ 14, ಮಂಗಳವಾರ

ಹೊಸಬನೊಬ್ಬ ಬಂದ. ಸಿಯೋಲಿನವರು ಕಳಿಸಿದ ಆಳು. ನಲವತ್ತರ ಆಸುಪಾಸು. ಕತ್ತೇ ಇಲ್ಲ, ತಲೆ ನೇರವಾಗಿ ಭುಜದ ಮೇಲೆ. ಬಾಗಿಲ ಗಾಜಿಗೆ ಮೂಗು ಒತ್ತಿ ಇಣುಕಿದ.

"ಯಾರಾದ್ರೂ ಇದೀರಾ?"

"ಇಲ್ಲ. ಸತ್ತೋಗಿದೀನಿ. ದೆವ್ವ ಮಾತಾಡ್ತಿರೋದು."

ಯೋಚಿಸಿದ. "ಸರಿ. ದೆವ್ವ ಇನ್ನೂ ಖಾಲಿ ಮಾಡಿಲ್ಲ ಅಂತ ಫೋನ್ ಮಾಡಿ ಹೇಳ್ತೀನಿ."

"ಹೆಸರೇನಯ್ಯಾ?"

"ಬಾಂಗ್."

"ಏನು ನಿನ್ನ ಕೆಲಸ?"

"ದಿನಾ ಬಂದು ನೋಡೋದು. ನೀವಿಲ್ಲದ ದಿನ ಬೀಗ ಬದಲಾಯಿಸೋದು."

ಇಷ್ಟು ನೇರವಾಗಿ ಹೇಳುವವನನ್ನು ಬೈಯುವುದಾದರೂ ಹೇಗೆ. ಹೋಗು ಅಂದೆ. ಹೋದ.

ನವೆಂಬರ್ 25, ಶನಿವಾರ

ಕಿಮ್ಚಿ ಹಾಕಿದೆ. ಒಬ್ಬಳಿಗೆ ನಾಲ್ಕು ಕೋಸು ಸಾಕು. ನನ್ನ ಕೈಗೆ ನಾಲ್ಕು ಅನ್ನುವ ಲೆಕ್ಕವೇ ಬರುವುದಿಲ್ಲ. ಉಪ್ಪು ತೆಗೆದರೆ ಬೊಗಸೆ, ಮೆಣಸಿನಪುಡಿ ಸುರಿದರೆ ಬೋಗುಣಿ. ಕೊನೆಗೆ ನೋಡಿದರೆ ಡ್ರಮ್ಮು ತುಂಬಿದೆ. ಐವತ್ತು ಜನರ ಕಿಮ್ಚಿ, ಒಂದು ನಾಲಿಗೆ.

ಕ್ಯಾಂಟೀನಿದ್ದ ವರ್ಷಗಳಲ್ಲಿ ಈ ದಿನ ಗಂಡಸರು ಬಿಸಿ ಹಂದಿಮಾಂಸಕ್ಕೆ ಹಸಿ ಕಿಮ್ಚಿ ಸುತ್ತಿ ತಿನ್ನುತ್ತಾ ಗಲಾಟೆ ಎಬ್ಬಿಸುತ್ತಿದ್ದರು. "ಚಿಕ್ಕಮ್ಮ, ಇನ್ನೊಂಚೂರು! ಚಿಕ್ಕಮ್ಮ, ಇವನಿಗೆ ಕೊಡಬೇಡಿ!" ತಲೆಚಿಟ್ಟು ಹಿಡಿಯುತ್ತಿತ್ತು. ಈಗ ಮೇಲಿನ ಮಹಡಿಯ ಪ್ಲಾಸ್ಟಿಕ್ ಹಾಳೆ ಪಟಪಟ ಅನ್ನುವುದೊಂದೇ ಸದ್ದು.

ಡಿಸೆಂಬರ್ 1, ಶುಕ್ರವಾರ

ಬಾಂಗ್ ದಿನಾ ಹನ್ನೆರಡಕ್ಕೆ ಬರುತ್ತಾನೆ. ನೋಡುತ್ತಾನೆ. ಆಮೇಲೆ ಎದುರಿನ ಕಲ್ಲಿನ ಮೇಲೆ ಕೂತು ಅಂಗಡಿಯಿಂದ ತಂದ ತಣ್ಣನೆಯ ಅನ್ನದುಂಡೆ ತಿನ್ನುತ್ತಾನೆ. ಕಾಗದ ಬಿಚ್ಚುತ್ತಾನೆ, ಎರಡು ತುತ್ತು, ಮುಗಿಯಿತು. ಇವತ್ತು ಆ ಗಾಳಿಯಲ್ಲಿ ಅದನ್ನು ನುಂಗಲಾರದೆ ಎದೆ ಗುದ್ದಿಕೊಳ್ಳುತ್ತಿದ್ದ.

ಬಾಗಿಲು ಅರ್ಧ ತೆಗೆದು ಸೋಯಾ ಸಾರಿನ ಬಟ್ಟಲು ಹೊರಗೆ ಚಾಚಿದೆ.

"ಇದೇನಿದು?"

"ವಿಷ. ಕುಡಿ."

ಕುಡಿದ. ಮೂಲಂಗಿ ಹೋಳನ್ನೂ ಬಿಡಲಿಲ್ಲ. ಬಟ್ಟಲು ವಾಪಸ್ ಕೊಡುವಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಯಾರೋ ಒಳ್ಳೆಯ ತಾಯಿ ಬೆಳೆಸಿದ್ದಾಳೆ.

ಡಿಸೆಂಬರ್ 12, ಮಂಗಳವಾರ

ಮಾ ಫೋನ್ ಮಾಡಿದ್ದರು. ಬರೀ ಒಲೆಯ ಫೋಟೋ ಸಾಲದಂತೆ, ವಕೀಲೆ ಹೇಳಿದಳಂತೆ. "ಊಟದ್ದು ತೆಗೀರಿ ಅಕ್ಕ. ದಿನಾ ಊಟ ಮಾಡೋ ಜಾಗ ಅಂದ್ರೆ ವಾಸ ಇದೀರಿ ಅಂತಾನೇ ಅರ್ಥ. ಅದಕ್ಕಿಂತ ಸಾಕ್ಷಿ ಬೇಕಾ?"

ಹಾಗಾಗಿ ಇನ್ನು ಮೇಲೆ ಮಧ್ಯಾಹ್ನದ ಫೋಟೋ. ಬಂಗುಡೆ ಹುರಿದಿದ್ದೆ. ಚೆನ್ನಾಗಿ ಬಂದಿದೆ, ಬಂಗುಡೆಯೂ, ಫೋಟೋವೂ.

ಡಿಸೆಂಬರ್ 22, ಶುಕ್ರವಾರ

ವರ್ಷದಲ್ಲೇ ದೊಡ್ಡ ಇರುಳು ಇವತ್ತು. ಪದ್ಧತಿಯಂತೆ ಕೆಂಪು ಅಲಸಂದೆ ಗಂಜಿ ಕಾಯಿಸಿದೆ. ಬೆಳಗಿನಿಂದ ಹಿಮ. ಇಲ್ಲಿ ಸಮುದ್ರದ ಕಡೆಯಿಂದ ಬೀಳುವ ಹಿಮ ನಿಲ್ಲುವುದೇ ಇಲ್ಲ. ಬಂದರಿನ ಕ್ರೇನುಗಳೂ ಕಾಣಿಸಲಿಲ್ಲ.

ಗಂಜಿ ತಿರುಗಿಸುತ್ತಿದ್ದೆ, ಬಿಟ್ಟರೆ ತಳ ಹಿಡಿಯುತ್ತದೆ. ಬಾಂಗ್ ಬಾಗಿಲಾಚೆ ನಿಂತಿದ್ದು ನೋಡಲೇ ಇಲ್ಲ. ನೋಡುವ ಹೊತ್ತಿಗೆ ಅವನ ತಲೆಯ ಮೇಲೆ ಒಂದು ಗೇಣು ಹಿಮ.

"ಬಡೀಬಾರದಾ, ದಡ್ಡ!"

"ಬಡಿದ್ರೆ ಬೆದರಿಕೆ ಹಾಕಿದ ಅಂತಾರೆ ಚಿಕ್ಕಮ್ಮ. ನಮ್ಮ ವಕೀಲರು ಬಡೀಬೇಡ ಅಂದಿದಾರೆ."

ಇವರ ವಕೀಲರು ಬಡಿಯಬೇಡ ಅನ್ನುತ್ತಾರೆ, ನಮ್ಮ ವಕೀಲರು ತೆಗೆಯಬೇಡಿ ಅನ್ನುತ್ತಾರೆ. ನಡುವೆ ಒಬ್ಬ ಮನುಷ್ಯ ಹಿಮದ ಗೊಂಬೆಯಾಗುತ್ತಾನೆ. ಸಿಟ್ಟು ಬಂತು. ಬೀಗದ ನಂಬರು ಹೇಳಿಬಿಟ್ಟೆ. ಒಂದು, ಎರಡು, ಸೊನ್ನೆ, ಸೊನ್ನೆ. ಊಟದ ಹೊತ್ತು. ಕ್ಯಾಂಟೀನಿನ ಕಾಲದಿಂದ ನನ್ನದು ಅದೊಂದೇ ನಂಬರು.

"ನನಗೆ ಯಾಕೆ ಹೇಳಿದ್ರಿ?" ಅಂತ ಬಿಳಿಚಿಕೊಂಡ.

"ಗಂಜಿ ತಳ ಹಿಡಿಯುತ್ತೆ, ಅದಕ್ಕೆ. ನಿನಗೋಸ್ಕರ ಎದ್ದು ಬರೋಕಾಗಲ್ಲ."

ಒಳಗೆ ಬಂದ. ಬೂಟು ಕಳಚಿ, ಮೂತಿ ಬಾಗಿಲ ಕಡೆ ಇರುವ ಹಾಗೆ ಜೋಡಿಸಿಟ್ಟ. ಎರಡು ಬಟ್ಟಲು ಗಂಜಿ ತಿಂದ. ಫೋಟೋ ತೆಗೆದು ಮಾಗೆ ಕಳಿಸಿದೆ. ಹೆಬ್ಬೆರಳು ಬಂತು.

ಜನವರಿ 11, ಗುರುವಾರ

ಮಾ ಬಂದರು. ಮುಖ ಸುಣ್ಣದ ಗೋಡೆ. ಆ ಗಾರೆಯವನ ತೀರ್ಪನ್ನು ಮೇಲಿನ ಕೋರ್ಟು ತಿರುಗಿಸಿದೆ. ತಡವಾಗಿ ತಿಳಿಸಿದರೆ ಜಾಮೀನು ನಿಂತವರು ಕೊಡಬೇಕಿಲ್ಲ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

"ಇನ್ನು ಉಳಿದಿರೋದು ಇದೊಂದೇ ಅಕ್ಕ. ಈ ಜಾಗ. ನೀವು." ಗೋಡೆಗೆ ಒರಗಿದರು. ಕೆಲಸದವರ ಕೂಲಿ ಕೊಡಲು ತಮ್ಮ ಮನೆಯನ್ನೇ ಒತ್ತೆ ಇಟ್ಟಿದ್ದಾರೆ. ಹೆಂಡತಿಗೆ ಇನ್ನೂ ಹೇಳಿಲ್ಲವಂತೆ. ಮಾತಾಡುತ್ತಾ ಮಾತಾಡುತ್ತಾ ಹೆಬ್ಬೆರಳಿನಿಂದ ಟೈಲ್ಸಿನ ಸಂದು ಸವರುತ್ತಿದ್ದರು. ಅವರೇ ಕೂರಿಸಿದ ಟೈಲ್ಸು. ಒಂದೂ ಅಲುಗಿಲ್ಲ.

ಊಟ ಬೇಡ ಅಂದರು. ಇಲ್ಲಿ ಊಟ ಬೇಡ ಅಂದ ಮೊದಲ ಮನುಷ್ಯ.

ಜನವರಿ 26, ಶುಕ್ರವಾರ

ಮಲಗಿರಿ ಅಂದಿದ್ದಾರೆ ಡಾಕ್ಟರು. ಆದರೂ ಬರೆಯಬೇಕು.

ನಿನ್ನೆ ಸಂಜೆ ನೀರು ತರುವಾಗ ಹಿತ್ತಲ ಮಂಜುಗಡ್ಡೆಯ ಮೇಲೆ ಜಾರಿದೆ. ತಲೆ ಬಡಿಯಿತು. ಎಚ್ಚರವಾದಾಗ ಆಸ್ಪತ್ರೆ. ದಾರಿಹೋಕರು ಯಾರೋ ಆಂಬುಲೆನ್ಸ್ ಕರೆದರಂತೆ. ಕೌಂಟರಿನ ಹುಡುಗಿ ವಿಮೆಯ ಬಗ್ಗೆ ಕೇಳಿದಳು. "ಕೆಲಸದ ಜಾಗದಲ್ಲಿ ಬಿದ್ದಿದ್ದಾ? ನೀವು ಯಾರ ಕಡೆಯವರು?"

ಯಾರ ಕಡೆಯವಳು. ಗುತ್ತಿಗೆಯವಳಲ್ಲ, ಕಂಪನಿಯವಳಲ್ಲ. ಹೇಳಲು ಒಂದು ಹೆಸರೂ ಸಿಗಲಿಲ್ಲ. ಅಷ್ಟು ನೋವಿನಲ್ಲೂ ಅದೇ ಹೆಚ್ಚು ಚುಚ್ಚಿತು. "ಯಾರ ಕಡೆಯವಳೂ ಅಲ್ಲಮ್ಮ, ಸ್ವಂತ ದುಡ್ಡು" ಅಂದೆ.

ರಾತ್ರಿ ಬಿಡಲಿಲ್ಲ ಅವರು. ಮಾಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ಕಟ್ಟಡ ಖಾಲಿ. ನಾಳೆ ಹನ್ನೆರಡಾದರೆ ಬಾಂಗ್ ಬರುತ್ತಾನೆ. ನಂಬರು ನಾನೇ ಕೊಟ್ಟಿದ್ದೇನೆ. ಬೀಗ ಬದಲಾಯಿಸುವುದೇ ಅವನ ಕೆಲಸ, ಮೊದಲ ದಿನವೇ ಹೇಳಿದ್ದಾನೆ.

ಮಧ್ಯಾಹ್ನ ಟ್ಯಾಕ್ಸಿ ಇಳಿದೆ. ಬಾಗಿಲ ಮುಂದೆ ನಿಂತು ನಂಬರು ಒತ್ತಿದೆ. ತೆರೆಯಿತು!

ಒಳಗೆ ದೀಪ. ಒಲೆ ಉರಿಯುತ್ತಿದೆ. ಬಾಂಗ್ ನನ್ನ ಐವತ್ತಾಳಿನ ಹಂಡೆಯಲ್ಲಿ ಎರಡು ಪ್ಯಾಕೆಟ್ ನೂಡಲ್ಸ್ ಬೇಯಿಸುತ್ತಿದ್ದಾನೆ. ಹಂಡೆಯ ತಳದಲ್ಲಿ ಎರೆಹುಳದ ಹಾಗೆ ನಾಲ್ಕು ಎಳೆ. ಕಣ್ಣು ಕೆಂಪು. ನಿದ್ದೆ ಮಾಡಿಲ್ಲ.

"ಯಾವಾಗ ಬಂದೆ?"

"ನಿನ್ನೆ ರಾತ್ರಿ. ಈ ಕಡೆ ಬಂದಿದ್ದೆ, ದೀಪ ಇರಲಿಲ್ಲ. ಅಂಗಡಿಯವರು ಹೇಳಿದ್ರು, ಬಿದ್ರಿ ಅಂತ."

"ಬೀಗ?"

ನೂಡಲ್ಸ್ ತಿರುಗಿಸುತ್ತಲೇ ಇದ್ದ. "ಸ್ಕ್ರೂಡ್ರೈವರ್ ತರೋದು ಮರೆತೋಯ್ತು ಚಿಕ್ಕಮ್ಮ."

ಅವನ ಚೀಲ ಬಾಗಿಲ ಬಳಿ ಬಿಚ್ಚಿಕೊಂಡು ಬಿದ್ದಿತ್ತು. ಸ್ಕ್ರೂಡ್ರೈವರ್ ಮೇಲೆಯೇ ಇತ್ತು. ಇಬ್ಬರೂ ಅದನ್ನು ನೋಡಿದೆವು. ಇಬ್ಬರೂ ನೋಡದ ಹಾಗೆ ಇದ್ದೆವು. ಊಟಕ್ಕೆ ಕೂತು ಫೋಟೋ ತೆಗೆದೆ.

ಯಾರಿಗೂ ಹೇಳುವುದಿಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ.

ಫೆಬ್ರವರಿ 10, ಶನಿವಾರ. ಚಾಂದ್ರಮಾನ ಹೊಸ ವರ್ಷ

ಊರೆಲ್ಲ ಊರಿಗೆ ಹೋಗಿದೆ. ರಸ್ತೆಯಲ್ಲಿ ನಾಯಿಯೂ ಇಲ್ಲ. ಗಂಡನಿಗೆ ಒಂದು ಬಟ್ಟಲು ಅಕ್ಕಿಬಿಲ್ಲೆ ಸಾರು ಇಟ್ಟೆ, ಒಂದು ಲೋಟ ಮದ್ಯ. "ಬದುಕಿದ್ದಾಗ ಇಷ್ಟು ಶಾಂತವಾಗಿ ಒಂದು ದಿನ ತಿಂದಿದ್ರಾ?" ಅಂತ ಕೇಳಿದೆ. ಮಾತಾಡಲಿಲ್ಲ, ಪುಣ್ಯಾತ್ಮ.

ರಜೆ, ಯಾರೂ ಬರುವುದಿಲ್ಲ ಅಂತ ಪಾತ್ರೆ ಮುಚ್ಚಿಟ್ಟಿದ್ದೆ. ಹನ್ನೆರಡಕ್ಕೆ ಬೀಗದ ಸದ್ದು. ಪೀ, ಪೀ, ಪೀ, ಪೀ. ಬಾಂಗ್ ಕೋಟು ಹಾಕಿಕೊಂಡು ಬಂದಿದ್ದಾನೆ! ಬಂದವನೇ ಸಿಮೆಂಟು ನೆಲದ ಮೇಲೆ ಮಂಡಿಯೂರಿ ಪೂರ್ತಿ ನಮಸ್ಕಾರ ಮಾಡಿದ. ಹೊಸ ವರ್ಷದ ನಮಸ್ಕಾರ. ನನಗೆ ಯಾರಾದರೂ ಮಾಡಿ ಎಷ್ಟೋ ವರ್ಷವಾಗಿತ್ತು.

ಅವನ ಮಗಳು ತಾಯಿಯ ಜೊತೆ ದೇಗು ಊರಿನಲ್ಲಿ ಇದ್ದಾಳಂತೆ. ಹಬ್ಬಕ್ಕೆ ಇವನನ್ನು ಕರೆಯುವುದಿಲ್ಲ. "ಮೆಸೇಜ್ ಹಾಕಿದ್ದೆ. ಓದಿದಾಳೆ," ಅಂದ. ಓದಿದಳು ಅಂತ ಹೇಳುವಾಗ ಅವನ ಮುಖ ನೋಡಬೇಕಿತ್ತು. ಅಷ್ಟಕ್ಕೇ ಹಬ್ಬವಾಗಿತ್ತು ಅವನಿಗೆ.

ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟೆ. ಗಂಡನದು, ಒಮ್ಮೆಯೂ ಹಾಕಿರಲಿಲ್ಲ.

ಅವನು ಹೋದ ಮೇಲೆ ಅತ್ತೆ. ಬೇಜಾರಿಗಲ್ಲ. ಮಧ್ಯಾಹ್ನ ಆಗಲಿ ಅಂತ ನಾನು ಬೆಳಗಿನಿಂದ ಕಾಯುತ್ತಿರುತ್ತೇನೆ ಅಂತ ಇವತ್ತು ಗೊತ್ತಾಯಿತು, ಅದಕ್ಕೆ.

ಮಾರ್ಚ್ 19, ಮಂಗಳವಾರ

ವಕೀಲೆ ಸೊಲ್ ಕಚೇರಿಗೆ ಕರೆಸಿದ್ದಳು. ನನ್ನ ಬದಲು ಮಾ ಇಲ್ಲಿ ಬಂದು ಕೂತರು. ಮುಂದಿನ ತಿಂಗಳು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು.

ಚುರುಕು ಹುಡುಗಿ. ಟೀ ಕೊಟ್ಟಳು, ಚಳಿ ಹೇಗೆ ಕಳೀತು ಅಂತ ಕೇಳಿದಳು. ಆಮೇಲೆ ಶುರು ಮಾಡಿದಳು.

"ಅಮ್ಮಾ, ದಿನಾ ಒಬ್ಬ ಗಂಡಸು ಬರ್ತಾನಲ್ಲ. ಬಾಂಗ್ ಅಂತ."

"ಬರ್ತಾನೆ."

"ಹೆದರಿಸ್ತಾನೆ. ಒಂಟಿ ಹೆಂಗಸು ಅಂತ ಬಾಗಿಲು ಬಡೀತಾನೆ. ಒಳಗೆ ನುಗ್ಗೋಕೆ ನೋಡ್ತಾನೆ. ನೀವು ಅಷ್ಟಕ್ಕೂ ಜಗ್ಗದೆ ಕೂತಿದೀರಿ. ಅಲ್ವಾ?"

"ಹಾಗೇನಿಲ್ಲ..."

ಪೆನ್ನು ಕೆಳಗಿಟ್ಟಳು. "ಅಮ್ಮಾ. ಅವರು ಏನು ವಾದ ಮಾಡ್ತಾರೆ ಗೊತ್ತಾ? ಹಿಡಿತ ಅಂದ್ರೆ ಬೇರೆಯವರನ್ನ ಹೊರಗಿಡೋದು. ಹೊರಗಿಟ್ಟಿಲ್ಲ ಅಂದ್ರೆ ಹಿಡಿತವೇ ಇಲ್ಲ. ನೀವು ಅವನನ್ನ ಹೊರಗಿಟ್ಟಿದೀರಿ ಅಂತ ಜಡ್ಜಿಗೆ ಕಾಣ್ಬೇಕು. ಅವನು ನುಗ್ಗೋಕೆ ನೋಡಿದ, ನೀವು ಬಿಡಲಿಲ್ಲ. ಆಮೇಲೆ ಪೊಲೀಸ್ ದೂರೂ ಕೊಡೋಣ, ಕೇಸಿಗೆ ಬಲ ಬರುತ್ತೆ."

ಹೊರಗಿಡುವುದು. ನಂಬರು ಕೊಟ್ಟದ್ದು ಅಲ್ಲೇ ಹೇಳಬೇಕಿತ್ತು. ಟೀ ಮುಗಿಸಿ ಎದ್ದು ಬಂದೆ.

ವಾಪಸ್ ಬಂದಾಗ ಮಾ ನೆಲ ಗುಡಿಸಿಟ್ಟಿದ್ದರು. "ಏನಂದ್ರು?" ಅಂತ ಆಸೆಯಿಂದ ನೋಡಿದರು. "ಚೆನ್ನಾಗಿ ಹೇಳಿಕೊಟ್ರು," ಅಂದೆ.

ಏಪ್ರಿಲ್ 17, ಬುಧವಾರ

ನಾಳೆ. ಬಾಂಗ್ ಇವತ್ತು ಎಂದಿನಂತೆ ಬಂದ, ಉಂಡ, ಬಟ್ಟಲು ತೊಳೆದಿಟ್ಟ. "ನಾಳೆ ಕೋರ್ಟಲ್ಲಿ ನಾನೂ ಇರ್ತೀನಿ ಚಿಕ್ಕಮ್ಮ. ನಮ್ಮ ಮ್ಯಾನೇಜರ್ ಬಾ ಅಂದಿದಾರೆ. ಮುಖ ನೋಡಿದ್ರೆ ಮಾತಾಡಿಸಬೇಡಿ, ಆಯ್ತಾ?"

ಆಯ್ತು ಅಂದೆ. ಅವನ ಮೇಲೆ ದೂರು ಕೊಡುತ್ತಾರೆ ಅಂತ ಹೇಳಲು ಬಾಯಿ ತೆರೆದೆ. "ಇನ್ನೊಂಚೂರು ಸಾರು ಹಾಕಲಾ?" ಅಂತ ಕೇಳಿದೆ.

ಮಾ ಕಡೆ ನೋಡಿದರೆ ಆರು ಮನೆ. ಈ ಕಡೆ ನೋಡಿದರೆ ಬಾಗಿಲ ಕಡೆ ಮೂತಿ ಮಾಡಿಟ್ಟ ಆ ಬೂಟು.

ಏಪ್ರಿಲ್ 18, ಗುರುವಾರ

ಮುಗಿಯಿತು. ಎಲ್ಲ ಹಾಳು ಮಾಡಿ ಬಂದೆ.

ಕಾವಲಿಗೆ ಕೊಳಾಯಿಯವನನ್ನು ಕೂರಿಸಿ ಹೋಗಿದ್ದೆವು. ಮೊದಲು ಪ್ರತಿಜ್ಞೆ ಓದಿಸಿದರು. ಮುಚ್ಚಿಡದೆ, ಸೇರಿಸದೆ, ಇದ್ದದ್ದನ್ನು ಇದ್ದ ಹಾಗೆ. ಸಾರಿಗೆ ಉಪ್ಪೆಷ್ಟು ಅಂತ ಕೇಳಿದ್ದರೆ ಹಾಗೇ ಹೇಳಬಹುದಿತ್ತು.

ನಮ್ಮ ಸೊಲ್ ಎದ್ದಳು. ಒಳ್ಳೆಯ ದನಿ. ಯಾವಾಗಿನಿಂದ ಇದ್ದೀರಿ, ಎಲ್ಲಿ ಮಲಗುತ್ತೀರಿ. ಎಲ್ಲ ಸರಿಯಾಗಿ ಹೇಳಿದೆ. ಆಮೇಲೆ ಬೆರಳು ಹಿಂದಿನ ಸಾಲಿಗೆ ಚಾಚಿದಳು. ಬಾಂಗ್ ಮ್ಯಾನೇಜರನ ಪಕ್ಕ, ಕೈ ಮಂಡಿಯ ಮೇಲೆ, ಕ್ಲಾಸಿನಿಂದ ಹೊರಗೆ ಹಾಕಿಸಿಕೊಂಡ ಹುಡುಗನ ಹಾಗೆ ಕೂತಿದ್ದ.

"ಅಲ್ಲಿ ಕೂತಿರೋ ವ್ಯಕ್ತಿ ದಿನಾ ಬಂದು ನಿಮ್ಮನ್ನ ಬೆದರಿಸ್ತಿದ್ರು. ಹೌದಾ?"

ಹೌದು ಅಂದರೆ ಸಾಕಿತ್ತು. ಒಂದೇ ಮಾತು. ಮಾ ನನ್ನನ್ನೇ ನೋಡುತ್ತಿದ್ದರು. ಬಾಂಗ್ ನೆಲ ನೋಡುತ್ತಿದ್ದ. ಅವನ ಪ್ಯಾಂಟಿನ ತುದಿಯಲ್ಲಿ ಆ ಉಣ್ಣೆಯ ಕಾಲುಚೀಲ. ಏಪ್ರಿಲ್ ಬಿಸಿಲಿನಲ್ಲಿ!

"ಅವನಾ? ಅವನು ಯಾರನ್ನ ಬೆದರಿಸ್ತಾನೆ. ಬಾಗಿಲು ಬಡಿಯೋಕೂ ಹೆದರ್ತಾನೆ. ಉಂಡ ಬಟ್ಟಲು ತಾನೇ ತೊಳೆದಿಡೋ ಹುಡುಗ ಅದು."

ಸೊಲ್ ತಟ್ಟನೆ ಕೂತಳು. ಆ ಕಡೆಯ ವಕೀಲ ನಿಧಾನವಾಗಿ ಎದ್ದ. ನನ್ನವೇ ಫೋಟೋಗಳು ಅವನ ಕೈಯಲ್ಲಿ. ನಮ್ಮ ಕಡೆಯಿಂದ ಸಾಕ್ಷಿ ಅಂತ ಕೊಟ್ಟದ್ದು. ಒಂದನ್ನು ಪರದೆಯ ಮೇಲೆ ಹಾಕಿದ. ಕೆಂಪು ಗಂಜಿ. ಇನ್ನೊಂದು. ನೂಡಲ್ಸ್. ಇನ್ನೊಂದು.

"ಈ ಎರಡನೇ ಬಟ್ಟಲು ಯಾರದಮ್ಮಾ?"

ಅಷ್ಟು ದೊಡ್ಡದಾಗಿ ಕಂಡಾಗಲೇ ನನಗೂ ಹೊಳೆದದ್ದು. ಎಲ್ಲದರಲ್ಲೂ ಎರಡು ಬಟ್ಟಲು. ಮಾ ಇಷ್ಟು ದಿನ ಒಲೆ ನೋಡಿದರು. ಬಟ್ಟಲು ನೋಡಲಿಲ್ಲ.

"ಬಾಂಗ್‌ದು."

"ಬಾಗಿಲು ಯಾರು ತೆಗೀತಿದ್ರು?"

"ಅವನೇ."

"ನಂಬರ್ ಗೊತ್ತಿತ್ತಾ ಅವರಿಗೆ?"

"ಹಿಮ ಬೀಳ್ತಿತ್ತು," ಅಂದೆ. "ಹೊರಗೆ ನಿಂತಿದ್ದ."

ಬೇರೇನೂ ಕೇಳಲಿಲ್ಲ ಅವನು. ಜನವರಿಯ ಆ ರಾತ್ರಿಯ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆನೋ ಏನೋ.

ಹೊರಗೆ ಮೆಟ್ಟಿಲಲ್ಲಿ ಮ್ಯಾನೇಜರ್ ಬಾಂಗ್‌ಗೆ ಬೈಯುತ್ತಿದ್ದ. "ಸಂಬಳ ನಾವು ಕೊಡ್ಬೇಕು, ಊಟ ಅಲ್ಲಿ ಮಾಡ್ತೀಯಾ? ನಾಳೆಯಿಂದ ಬರಬೇಡ." ಗೆಲ್ಲಿಸಿಕೊಟ್ಟವನಿಗೇ ಕೆಲಸ ಹೋಯಿತು. ಬಾಂಗ್ ನನ್ನ ಕಡೆ ನೋಡಲಿಲ್ಲ. ಮಾತಾಡಿಸಬೇಡಿ ಅಂದಿದ್ದನಲ್ಲ, ನಾನೂ ಮಾತಾಡಿಸಲಿಲ್ಲ.

ಮಾ ಕಾರಿನಲ್ಲಿ ಇಲ್ಲಿವರೆಗೂ ಕರೆತಂದರು. ಇಳಿಯುವಾಗ ಅಂದರು, "ಐವತ್ತು ಜನಕ್ಕೆ ಹಾಕಿದ್ರಿ ಅಕ್ಕ. ಯಾರೂ ನಮ್ಮನ್ನ ಮುಳುಗಿಸಲಿಲ್ಲ. ಈ ಒಬ್ಬನಿಗೆ ಯಾಕೆ ಹಾಕಿದ್ರಿ?"

ಏಪ್ರಿಲ್ 19, ಶುಕ್ರವಾರ

ಸೊಲ್ ಫೋನ್. ಬೈಯಲಿಲ್ಲ, ಅದೇ ಕಷ್ಟ. "ಈಗಲೇ ನಂಬರ್ ಬದಲಾಯಿಸಿ. ಇನ್ಮೇಲೆ ಯಾರನ್ನೂ ಒಳಗೆ ಬಿಡಬೇಡಿ. ತೀರ್ಪಿನವರೆಗಾದ್ರೂ."

ಬದಲಾಯಿಸಿದೆ. ಗಂಡ ಸತ್ತ ದಿನಾಂಕ ಹಾಕಿದೆ. ಬೇರೆ ಯಾವ ನಂಬರೂ ನೆನಪಿಗೆ ಬರಲಿಲ್ಲ.

ಮೇ 3, ಶುಕ್ರವಾರ

ಹನ್ನೆರಡು ಹೊಡೆದಿತ್ತು. ಕಡಲಪಾಚಿ ಸಾರು ಇಳಿಸುತ್ತಿದ್ದೆ.

ಪೀ, ಪೀ, ಪೀ, ಪೀ. ಆಮೇಲೆ ತಪ್ಪು ನಂಬರಿನ ಆ ಕರ್ಕಶ ಸದ್ದು.

ಇಲ್ಲಿಂದ ಬಾಗಿಲಿಗೆ ಎಷ್ಟು ದೂರ. ಎದ್ದರೆ ಸಿಗುತ್ತಿದ್ದ. ಪಾತ್ರೆ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಮಾ ಮುಖ ಕಣ್ಣ ಮುಂದೆ. ಒಂದು ಸಲ ಅವರನ್ನು ಕೆಡಿಸಿದ್ದಾಗಿದೆ, ಎರಡನೇ ಸಲ ಹೇಗೆ.

ಇನ್ನೊಮ್ಮೆ ಒತ್ತಲಿಲ್ಲ ಅವನು. ಬಡಿಯಲೂ ಇಲ್ಲ.

ಆಮೇಲೆ ಹೋಗಿ ನೋಡಿದೆ. ಹೊಸ್ತಿಲಲ್ಲಿ ಒಂದು ಚೀಲ ಕಿತ್ತಳೆ. ತೊಳೆದು ಒರೆಸಿ ತಂದಿದ್ದಾನೆ, ದಡ್ಡ. ನನ್ನ ಕೈ ಸುಟ್ಟಿದೆ. ಪಾತ್ರೆ ಬಿಸಿ ಇತ್ತು ಅನ್ನುವುದೇ ಮರೆತಿದ್ದೆ.

ಮೇ 29, ಬುಧವಾರ

ಈಚೆಗೆ ಬಟ್ಟಲಿಗೂ ಹಾಕಿಕೊಳ್ಳುವುದಿಲ್ಲ. ನಿಂತುಕೊಂಡೇ ಪಾತ್ರೆಯಿಂದ ತಿನ್ನುತ್ತೇನೆ. ಹೆಬ್ಬೆರಳೂ ಬರುವುದು ನಿಂತಿದೆ. ಫೋಟೋ ಮಾತ್ರ ಕಳಿಸುತ್ತೇನೆ. ಒಂದೇ ಬಟ್ಟಲು, ಖಾಲಿ, ಫೋಟೋಗೆ ಅಂತ ಇಟ್ಟದ್ದು.

ಯಾರ ಹತ್ತಿರವೂ ಮಾತಾಡಿ ವಾರವಾಯಿತು. ಇವತ್ತು ಮೀನಿನವನು ಕೂಗಿದಾಗ "ಬೇಡ" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಜೂನ್ 13, ಗುರುವಾರ

ಸೋತೆವು.

ಸೊಲ್ ಫೋನಿನಲ್ಲಿ ಓದಿ ಹೇಳಿದಳು. "ಎದುರು ಪಕ್ಷದ ನೌಕರನು ಬಾಗಿಲಿನ ಸಂಖ್ಯೆಯನ್ನು ತಿಳಿದಿದ್ದು, ಯಾವಾಗ ಬೇಕಾದರೂ ಒಳಬಂದು, ನಿತ್ಯ ಮಧ್ಯಾಹ್ನದ ಊಟವನ್ನು ಅಲ್ಲಿಯೇ ಮಾಡುತ್ತಿದ್ದನಾದ್ದರಿಂದ" ಹಿಡಿತ ಇತ್ತು ಅನ್ನಲಾಗದು. ಮೇಲ್ಮನವಿಗೆ ಹೋಗಬಹುದು, ಆದರೆ ಅಷ್ಟರೊಳಗೆ ಖಾಲಿ ಮಾಡಿಸುತ್ತಾರೆ. ಎದ್ದರೆ ಹಕ್ಕೂ ಎದ್ದಿತು. 

ನನ್ನ ಊಟ ಎಲ್ಲಿದೆ ಅಂತ ಕೇಳಿದ್ದಳಲ್ಲ. ತೀರ್ಪಿನಲ್ಲಿದೆ ಈಗ. ದುಡ್ಡು ಕೇಳಿದಾಗ ಕಾಣದೇ ಇದ್ದ ಊಟ, ಸೋಲಿಸುವಾಗ ಕಂಡಿತು ಕೋರ್ಟಿಗೆ. ಮುಂದೆ ಯಾವುದೋ ಊರಿನ ಯಾವನೋ ಟೈಲ್ಸಿನವನು ಇದನ್ನು ಫೋನಿನಲ್ಲಿ ಓದುತ್ತಾನೆ. ಓದಿ, ಕಾವಲಿಗೆ ಕೂರಿಸಿದವಳಿಗೆ ಹೇಳುತ್ತಾನೆ, ಯಾರಿಗೂ ಅನ್ನ ಹಾಕಬೇಡಿ ಅಂತ.

ಜೂನ್ 16, ಭಾನುವಾರ

ಮಾ ಬಂದರು. ಬೈಯಲಿ ಅಂತ ಕಾದೆ. ಬೈಯಲಿಲ್ಲ. ಬ್ಯಾನರು ಬಿಚ್ಚಿದರು, ಮಡಿಸಿದರು, ಮೂಲೆಗೆ ಮೂಲೆ ಸೇರಿಸಿ. ಹೆಂಡತಿಗೆ ಹೇಳಿದರಂತೆ, ಮನೆಯ ವಿಷಯ.

"ಏನಂದ್ರು?"

"ಮೊದಲು ಊಟ ಮಾಡಿ ಅಂದ್ಲು."

ಆಮೇಲೆ ಅವರೇ, "ಏನಾದ್ರೂ ಇದೆಯಾ ಅಕ್ಕ?" ಅಂದರು. ಸೋಯಾ ಸಾರು ಇತ್ತು, ಹಳೆಯ ಕಿಮ್ಚಿ. ಅವರ ಮುಂದೆ ಬಟ್ಟಲು ಇಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದೇನಾ ಆ ಬಟ್ಟಲು?"

"ಇದೇ."

"ಹೂಂ." ತಿಂದರು. "ನಾನು ನಿಮ್ಮ ಜಾಗದಲ್ಲಿ ಇದ್ದಿದ್ರೆ ಹೌದು, ಬೆದರಿಸ್ತಿದ್ದ ಅಂತಿದ್ದೆ ಅಕ್ಕ. ಹೇಳಿ ಗೆದ್ದಿರ್ತಿದ್ದೆ." ಬಟ್ಟಲು ಮುಂದೆ ಚಾಚಿ, "ಇನ್ನೊಂಚೂರು ಹಾಕಿ," ಅಂದರು.

ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ಎರಡನೇ ಸಲ ಹಾಕಿಸಿಕೊಂಡರು, ಅಷ್ಟೇ ಗೊತ್ತು. ನನಗೆ ಜೊಂಜು ಊರಲ್ಲಿ ವೃದ್ಧರ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಇದೆಯಂತೆ. ಅವರೇ ವಿಚಾರಿಸಿದ್ದಾರೆ.

ಜುಲೈ 1, ಸೋಮವಾರ

ನಾಳೆ ಎರಡು ಗಂಟೆಗೆ ಕೋರ್ಟಿನ ಅಮೀನರು ಬರುತ್ತಾರೆ. ಸಾಮಾನು ಕಟ್ಟಿದೆ. ಹಂಡೆ ಯಾರಿಗೂ ಬೇಡ. ಬಿಟ್ಟು ಹೋಗಲು ಮನಸ್ಸಿಲ್ಲ, ಹೊತ್ತೊಯ್ಯಲು ಶಕ್ತಿಯಿಲ್ಲ.

ಬಾಂಗ್‌ನ ಫೋನ್ ನಂಬರ್ ನನ್ನ ಹತ್ತಿರ ಇಲ್ಲ. ಇಷ್ಟು ದಿನ ಒಟ್ಟಿಗೆ ಉಂಡರೂ ತೆಗೆದುಕೊಳ್ಳಲೇ ಇಲ್ಲ. ಬೇಕಾಗಿರಲಿಲ್ಲ. ಹನ್ನೆರಡಾದರೆ ಬರುತ್ತಿದ್ದ.

ಇನ್ನು ಯಾರನ್ನು ಹೊರಗಿಡಬೇಕು ನಾನು. ಬೀಗದ ನಂಬರು ಹಿಂದಕ್ಕೆ ಹಾಕಿದೆ. ಒಂದು, ಎರಡು, ಸೊನ್ನೆ, ಸೊನ್ನೆ. ಯಾವ ಆಸೆಯೂ ಇಲ್ಲ. ಸುಮ್ಮನೆ.

ಜುಲೈ 2, ಮಂಗಳವಾರ

ಮಳೆ. ಕೊನೆಯ ಅಡುಗೆ. ಅಳತೆ ಮಾಡಿ ಒಬ್ಬಳಿಗೇ ಮಾಡೋಣ ಅಂತ ಹೊರಟೆ. ಕೈ ಕೇಳಲಿಲ್ಲ. ಹಂಡೆಯ ಅರ್ಧ ಸಾರು ಆಗಿದೆ. ಬರುವ ಅಮೀನರಿಗೇ ಹಾಕುತ್ತೇನೆ. ಸೊಲ್‌ಗೆ ಗೊತ್ತಾದರೆ ತಲೆ ಚಚ್ಚಿಕೊಳ್ಳುತ್ತಾಳೆ.

ಬಟ್ಟಲು ಎರಡು ಹೊರಗೇ ಇಟ್ಟಿದ್ದೇನೆ. ಉಳಿದದ್ದೆಲ್ಲ ಪೆಟ್ಟಿಗೆಯಲ್ಲಿ. ಯಾಕೆ ಎರಡು ಅಂತ ನನ್ನನ್ನೇ ಬೈದುಕೊಂಡೆ. ಒಂದನ್ನು ಒಳಗೆ ಹಾಕಿದೆ. ಮತ್ತೆ ತೆಗೆದೆ. ಈಗ ಬರೆಯುತ್ತಾ ಕೂತಿದ್ದೇನೆ, ಹನ್ನೆರಡು ಕಳೆದುಹೋಗಲಿ ಅಂತ. ಕಳೆದರೆ ಎದ್ದು ಉಂಡುಬಿಡಬಹುದು.

ಬಾಗಿಲ ಹೊರಗೆ ಯಾರೋ ಕೊಡೆ ಕೊಡವಿದರು. ಅಮೀನರಿಗೆ ಇನ್ನೂ ಹೊತ್ತಿದೆ. ಅವರಾದರೆ ಬಡಿಯುತ್ತಾರೆ, ನಂಬರು ಅವರಿಗೆ ಗೊತ್ತಿಲ್ಲ. ಇದು ಬಡಿತವಲ್ಲ.

ಒಂದು. ಎರಡು. ಸೊನ್ನೆ—